ವಿದೇಶಕ್ಕೆ ಹೊರಟವರ ಜೊತೆ ಸಿಬಿಲ್ ಸ್ಕೋರ್ ಬರುವುದಿಲ್ಲ: ಸೆಕ್ಯೂರ್ಡ್ ಕ್ರೆಡಿಟ್ ಕಾರ್ಡ್ ಆಯ್ಕೆ ಹೇಗೆ? ಇಲ್ಲಿದೆ ಪೂರ್ಣ ಮಾಹಿತಿ

ಮುಂಬೈ: ಅಂಧೇರಿ ಪೂರ್ವದ ಸಹಾರ್‌ನಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ್ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಓದು, ಉದ್ಯೋಗಕ್ಕಾಗಿ ವಿದೇಶಕ್ಕೆ ಹೊರಡುವವರಲ್ಲಿ ಕನ್ನಡಿಗರೂ ಸಾಕಷ್ಟಿದ್ದಾರೆ. ಹೋಟೆಲ್ ಉದ್ಯಮ, ಕಚೇರಿ ಕೆಲಸ ಎಂದು ಕರಾವಳಿಯಿಂದ ಬಂದು ಅಂಧೇರಿಯಲ್ಲಿ ನೆಲೆ ನಿಂತ ಕುಟುಂಬಗಳ ಮಕ್ಕಳು ಈಗ ದುಬೈ, ಲಂಡನ್, ನ್ಯೂಜೆರ್ಸಿ ಎಂದು ಹೊರಟಿದ್ದಾರೆ. ಪಾಸ್‌ಪೋರ್ಟ್, ವೀಸಾ, ಪದವಿ ಪ್ರಮಾಣಪತ್ರ, ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಎಲ್ಲವೂ ಬ್ಯಾಗ್ ಸೇರುತ್ತವೆ. ಆದರೆ ಸಿಬಿಲ್ ಸ್ಕೋರ್ ಮಾತ್ರ ಜೊತೆಗೆ ಬರುವುದಿಲ್ಲ.

ಭಾರತದಲ್ಲಿ 800 ಸ್ಕೋರ್ ಇದ್ದವರೂ ಅಲ್ಲಿಗೆ ಹೋದ ಮೊದಲ ದಿನ ಸಾಲದ ಇತಿಹಾಸವೇ ಇಲ್ಲದ ಹೊಸಬರು. ಇನ್ನೊಂದೆಡೆ, ಮೂರ್ನಾಲ್ಕು ವರ್ಷ ಹೊರಗಿದ್ದು ಊರಿನಲ್ಲಿ ಮನೆ ಸಾಲಕ್ಕೆ ಅರ್ಜಿ ಹಾಕಿದರೆ ಇಲ್ಲಿನ ಕಡತವೂ ಖಾಲಿಯಾಗಿರಬಹುದು. ಈ ಎರಡೂ ಸಮಸ್ಯೆಗೆ ಕಡಿಮೆ ಖರ್ಚಿನ ಪರಿಹಾರ ಸೆಕ್ಯೂರ್ಡ್ ಕ್ರೆಡಿಟ್ ಕಾರ್ಡ್. ಹಾಗಾದರೆ ಏನಿದು? ಯಾರಿಗೆ ಸೂಕ್ತ? ಆಯ್ಕೆ ಮಾಡುವಾಗ ಏನನ್ನು ನೋಡಬೇಕು? ವಿವರ ಇಲ್ಲಿದೆ.

ಏನಿದು ಸೆಕ್ಯೂರ್ಡ್ ಕ್ರೆಡಿಟ್ ಕಾರ್ಡ್?

ಸಾಮಾನ್ಯ ಕ್ರೆಡಿಟ್ ಕಾರ್ಡ್ ಕೊಡುವ ಮುನ್ನ ಬ್ಯಾಂಕ್ ನಿಮ್ಮ ಸಂಬಳ ಹಾಗೂ ಹಳೆಯ ಸಾಲದ ದಾಖಲೆ ನೋಡುತ್ತದೆ. ದಾಖಲೆಯೇ ಇಲ್ಲದಿದ್ದರೆ ಕಾರ್ಡ್ ಸಿಗುವುದು ಕಷ್ಟ. ಕಾರ್ಡ್ ಇಲ್ಲದೆ ದಾಖಲೆ ಬೆಳೆಯುವುದಿಲ್ಲ. ಈ ಸುಳಿಯಿಂದ ಹೊರಬರಲು ಇರುವ ದಾರಿಯೇ ಠೇವಣಿ ಆಧಾರಿತ ಕಾರ್ಡ್.

ಭಾರತದಲ್ಲಿ ನೀವು ಬ್ಯಾಂಕಿನಲ್ಲಿ ಒಂದು ನಿಶ್ಚಿತ ಠೇವಣಿ, ಅಂದರೆ ಎಫ್‌ಡಿ ಇಡುತ್ತೀರಿ. ಬ್ಯಾಂಕ್ ಅದರ ಮೇಲೆ ತನ್ನ ಹಕ್ಕು ದಾಖಲಿಸಿಕೊಂಡು, ಠೇವಣಿಯ ನಿರ್ದಿಷ್ಟ ಭಾಗದಷ್ಟು ಮಿತಿಯ ಕಾರ್ಡ್ ನೀಡುತ್ತದೆ. ಉದಾಹರಣೆಗೆ, 25 ಸಾವಿರ ರೂ. ಎಫ್‌ಡಿಗೆ ಶೇ.90 ಮಿತಿ ಕೊಟ್ಟರೆ 22,500 ರೂ. ತನಕ ಖರ್ಚು ಮಾಡಬಹುದು. ಕಾರ್ಡ್ ಇರುವವರೆಗೆ ಎಫ್‌ಡಿ ಮುರಿಯಲಾಗದು, ಆದರೆ ಅದಕ್ಕೆ ಬಡ್ಡಿ ಬರುತ್ತಲೇ ಇರುತ್ತದೆ. ಉಳಿದಂತೆ ಬಿಲ್, ಕೊನೆಯ ದಿನಾಂಕ, ಬಡ್ಡಿ ಎಲ್ಲವೂ ಸಾಮಾನ್ಯ ಕ್ರೆಡಿಟ್ ಕಾರ್ಡ್‌ನಂತೆಯೇ.

ಇಲ್ಲೇ ಹಲವರು ಎಡವುತ್ತಾರೆ. 'ಹೇಗೂ ಎಫ್‌ಡಿ ಇದೆಯಲ್ಲ, ಬಿಲ್ ಕಟ್ಟದಿದ್ದರೆ ಬ್ಯಾಂಕೇ ಅದರಿಂದ ಹಿಡಿದುಕೊಳ್ಳುತ್ತದೆ' ಎಂದುಕೊಳ್ಳುತ್ತಾರೆ. ಬ್ಯಾಂಕ್ ಹಿಡಿದುಕೊಳ್ಳುವುದು ನಿಜ. ಆದರೆ ಅದು ಪ್ರತಿ ತಿಂಗಳ ಬಿಲ್ ಕಟ್ಟುವ ವ್ಯವಸ್ಥೆಯಲ್ಲ, ಬಾಕಿ ಬೆಳೆದ ಮೇಲಿನ ಕೊನೆಯ ಕ್ರಮ. ಅಷ್ಟರೊಳಗೆ ವಿಳಂಬದ ದಾಖಲೆ ಕ್ರೆಡಿಟ್ ವರದಿ ಸೇರಿರುತ್ತದೆ. ಠೇವಣಿ ಇರುವುದು ಬ್ಯಾಂಕಿನ ಹಣ ಕಾಯಲು, ನಿಮ್ಮ ಸ್ಕೋರ್ ಕಾಯಲು ಅಲ್ಲ. ಈ ಒಂದು ಮಾತು ನೆನಪಿದ್ದರೆ ಅರ್ಧ ತೊಂದರೆ ತಪ್ಪಿದಂತೆ.

ಸ್ಕೋರ್ ಗಡಿ ದಾಟುವುದಿಲ್ಲ ಏಕೆ?

ಭಾರತದಲ್ಲಿ ಸಾಲದ ಮಾಹಿತಿ ಸಂಗ್ರಹಿಸುವ ನಾಲ್ಕು ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯಡಿ ಇವು ಕೆಲಸ ಮಾಡುತ್ತವೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಸಿಬಿಲ್ ಆರಂಭವಾದದ್ದು 2000ನೇ ಇಸವಿಯಲ್ಲಿ. ಸ್ಕೋರ್ 300ರಿಂದ 900ರ ನಡುವೆ ಇರುತ್ತದೆ.

ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಎಂಬ ಹೆಸರುಗಳು ಅಮೆರಿಕ ಮತ್ತು ಬ್ರಿಟನ್‌ನಲ್ಲೂ ಕಾಣಿಸುತ್ತವೆ. ಹೆಸರು ಒಂದೇ ಆದರೂ ಪ್ರತಿ ದೇಶದ ಮಾಹಿತಿ ಆಯಾ ದೇಶದ ಕಾನೂನಿನಡಿ ಪ್ರತ್ಯೇಕವಾಗಿರುತ್ತದೆ. ಇಲ್ಲಿನ ದಾಖಲೆ ಪಾನ್ ಸಂಖ್ಯೆಯ ಮೂಲಕ ಗುರುತಿಸಲ್ಪಡುತ್ತದೆ. ಅಲ್ಲಿನದು ಆ ದೇಶದ ಗುರುತಿನ ಸಂಖ್ಯೆ, ವಿಳಾಸಗಳನ್ನು ಆಧರಿಸಿರುತ್ತದೆ. ಆದ್ದರಿಂದ ಎರಡು ಕಡೆ ಬದುಕುವವರಿಗೆ ಎರಡು ಕಡತ ಎಂಬುದೇ ಲೆಕ್ಕ.

ಇದರ ಬಿಸಿ ತಟ್ಟುವುದು ಯಾವಾಗ?

ಒಂದು ಉದಾಹರಣೆ ನೋಡೋಣ. ಅಂಧೇರಿ ಪಶ್ಚಿಮದ ವೀರ ದೇಸಾಯಿ ರಸ್ತೆಯ ಬಳಿ ಬಾಡಿಗೆ ಮನೆಯಲ್ಲಿರುವ ಕನ್ನಡಿಗ ದಂಪತಿಯ ಮಗಳು ಕೆಲಸಕ್ಕಾಗಿ ವಿದೇಶಕ್ಕೆ ಹೋಗಿದ್ದಾಳೆ ಎಂದುಕೊಳ್ಳಿ. ಹೋಗುವ ಮುನ್ನ ಅವಳ ಬಳಿ ಇದ್ದದ್ದು ಅಪ್ಪನ ಕ್ರೆಡಿಟ್ ಕಾರ್ಡ್‌ನ ಆ್ಯಡ್-ಆನ್ ಕಾರ್ಡ್ ಮತ್ತು ಒಂದು ಡೆಬಿಟ್ ಕಾರ್ಡ್. ನಾಲ್ಕು ವರ್ಷದ ಬಳಿಕ ತಂದೆ ತಾಯಿ ಸ್ವಂತ ಫ್ಲಾಟ್ ಕೊಳ್ಳಲು ಹೊರಟಾಗ, ತಂದೆಗೆ ನಿವೃತ್ತಿ ಹತ್ತಿರವಿರುವುದರಿಂದ ಮಗಳು ಸಹ ಅರ್ಜಿದಾರಳಾಗಬೇಕಾಗುತ್ತದೆ.

ಆಗ ತಿಳಿಯುವ ಸಂಗತಿ: ಆ್ಯಡ್-ಆನ್ ಕಾರ್ಡ್‌ನ ವಹಿವಾಟು ಭಾರತದಲ್ಲಿ ಸಾಮಾನ್ಯವಾಗಿ ಮೂಲ ಕಾರ್ಡ್‌ದಾರರ ಹೆಸರಿನಲ್ಲೇ ದಾಖಲಾಗುತ್ತದೆ. ಡೆಬಿಟ್ ಕಾರ್ಡ್, ಫಾರೆಕ್ಸ್ ಕಾರ್ಡ್, ಉಳಿತಾಯ ಖಾತೆಯಿಂದ ಮಾಡುವ ಯುಪಿಐ ಪಾವತಿ ಯಾವುದೂ ಸಾಲವಲ್ಲ, ಹಾಗಾಗಿ ಸ್ಕೋರ್‌ಗೆ ಸೇರುವುದಿಲ್ಲ. ಮಗಳ ಸಂಬಳ ಎಷ್ಟೇ ಇದ್ದರೂ ಇಲ್ಲಿನ ವರದಿಯಲ್ಲಿ ಅವಳಿಗೆ ಇತಿಹಾಸವಿಲ್ಲ.

ಮೊದಲ ಬಾರಿಗೆ ಸಾಲ ಕೇಳುವವರ ಅರ್ಜಿಯನ್ನು ಇತಿಹಾಸವಿಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂದು ಆರ್‌ಬಿಐ 2025ರ ಜನವರಿ 6ರ ನಿರ್ದೇಶನದಲ್ಲಿ ಬ್ಯಾಂಕುಗಳಿಗೆ ಸಲಹೆ ನೀಡಿದೆ. ಆದರೆ ಸಾಲ ಕೊಡಲೇಬೇಕು ಎಂಬ ನಿಯಮವೇನಿಲ್ಲ. ಆದಾಯ, ಉದ್ಯೋಗ, ಮರುಪಾವತಿ ಶಕ್ತಿ ನೋಡಿ ತೀರ್ಮಾನಿಸುವುದು ಬ್ಯಾಂಕೇ. ನಾಲ್ಕು ವರ್ಷದ ಶುದ್ಧ ದಾಖಲೆ ಕೈಯಲ್ಲಿದ್ದರೆ ಮಾತುಕತೆ ಸುಲಭ.

ಎನ್‌ಆರ್‌ಇ, ಎನ್‌ಆರ್‌ಒ: ಯಾವ ಠೇವಣಿಯ ಮೇಲೆ ಕಾರ್ಡ್?

ಉದ್ಯೋಗಕ್ಕಾಗಿ ದೇಶ ಬಿಟ್ಟವರು ವಿದೇಶಿ ವಿನಿಮಯ ನಿರ್ವಹಣೆ ಕಾಯ್ದೆ, ಅಂದರೆ ಫೆಮಾ ಪ್ರಕಾರ ಅನಿವಾಸಿಗಳಾಗುತ್ತಾರೆ. ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ, ಬ್ಯಾಂಕಿಗೆ ತಿಳಿಸಿ ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಹೊರಡುವ ಮುನ್ನ ಎಫ್‌ಡಿ ಮೇಲೆ ಕಾರ್ಡ್ ಪಡೆದಿದ್ದರೆ ಆ ಕಾರ್ಡ್ ಮುಂದುವರಿಯುತ್ತದೆಯೇ ಎಂದು ಬ್ಯಾಂಕಿನಿಂದ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು.

* ಎನ್‌ಆರ್‌ಒ ಠೇವಣಿ: ಭಾರತದಲ್ಲಿ ಬರುವ ಬಾಡಿಗೆ, ಪಿಂಚಣಿಯಂತಹ ಹಣವನ್ನು ಇಲ್ಲಿ ಇಡಬಹುದು. ಬಡ್ಡಿಗೆ ತೆರಿಗೆ ಇದೆ, ಸಾಮಾನ್ಯವಾಗಿ ಶೇ.30 ದರದಲ್ಲಿ ಮೂಲದಲ್ಲೇ ಕಡಿತವಾಗುತ್ತದೆ. ಸೆಸ್ ಪ್ರತ್ಯೇಕ. ವಿದೇಶಕ್ಕೆ ಹಣ ಕಳುಹಿಸಲು ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ ಇದೆ.
* ಎನ್‌ಆರ್‌ಇ ಠೇವಣಿ: ವಿದೇಶದ ಗಳಿಕೆಯನ್ನು ರೂಪಾಯಿಯಲ್ಲಿ ಇಡುವ ಖಾತೆ. ಅನಿವಾಸಿಯಾಗಿರುವವರೆಗೆ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಹಣವನ್ನು ಮರಳಿ ಹೊರಗೆ ಒಯ್ಯಲು ಅಡ್ಡಿಯಿಲ್ಲ. ಆದರೆ ಕನಿಷ್ಠ ಅವಧಿ ಒಂದು ವರ್ಷ, ಅದಕ್ಕೂ ಮೊದಲು ಮುರಿದರೆ ಬಡ್ಡಿಯೇ ಸಿಗುವುದಿಲ್ಲ.

ಹಲವು ಬ್ಯಾಂಕುಗಳು ಈ ಎರಡರಲ್ಲಿ ಯಾವುದಾದರೊಂದರ ಮೇಲೆ ಅನಿವಾಸಿಗಳಿಗೆ ಕಾರ್ಡ್ ನೀಡುತ್ತವೆ. ಕಾರ್ಡ್‌ಗಾಗಿ ದೊಡ್ಡ ಮೊತ್ತ ಕಟ್ಟಿಹಾಕುವ ಅಗತ್ಯವಿಲ್ಲ. ತಿಂಗಳಿಗೆ ಎರಡು ಮೂರು ಸಾವಿರ ರೂ. ಖರ್ಚಿಗೆ ಸಾಲುವ ಮಿತಿ ಇದ್ದರೆ ದಾಖಲೆ ಬೆಳೆಸಲು ಸಾಕು. ಠೇವಣಿ ವಿಮಾ ನಿಗಮದ ರಕ್ಷಣೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂ. ತನಕ ಇರುವುದನ್ನೂ ಗಮನದಲ್ಲಿಡಿ.

ಕಾರ್ಡ್ ಆಯ್ಕೆಗೂ ಮುನ್ನ ಕೇಳಬೇಕಾದ 7 ಪ್ರಶ್ನೆಗಳು

1. ಇದು ನಿಜವಾದ ಕ್ರೆಡಿಟ್ ಕಾರ್ಡೇ? ಹಣ ತುಂಬಿ ಬಳಸುವ ಪ್ರಿಪೇಯ್ಡ್ ಕಾರ್ಡ್‌ಗಳೂ ನೋಡಲು ಹೀಗೆಯೇ ಇರುತ್ತವೆ. ಅವುಗಳಿಂದ ಸ್ಕೋರ್ ಬೆಳೆಯುವುದಿಲ್ಲ.

2. ಕ್ರೆಡಿಟ್ ಬ್ಯೂರೋಗೆ ವರದಿ ಹೋಗುತ್ತದೆಯೇ? ಭಾರತದಲ್ಲಿ ಸಾಲ ನೀಡುವ ಸಂಸ್ಥೆಗಳು ನಾಲ್ಕೂ ಕಂಪನಿಗಳಿಗೆ ಮಾಹಿತಿ ಕೊಡಬೇಕು. 2025ರ ಜನವರಿ 1ರಿಂದ ಕನಿಷ್ಠ 15 ದಿನಕ್ಕೊಮ್ಮೆ ಮಾಹಿತಿ ನವೀಕರಿಸಬೇಕೆಂಬ ನಿಯಮ ಜಾರಿಯಾಗಿದೆ. ಅಮೆರಿಕದಲ್ಲಿ ಇದು ಕಡ್ಡಾಯವಲ್ಲ. ಅಲ್ಲಿ ಕಾರ್ಡ್ ಪಡೆಯುವವರು ಮೂರೂ ಬ್ಯೂರೋಗಳಿಗೆ ವರದಿ ಹೋಗುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು.

3. ವಾರ್ಷಿಕ ಶುಲ್ಕ ಎಷ್ಟು? ದಾಖಲೆ ಬೆಳೆಸಲೆಂದೇ ಪಡೆಯುವ ಕಾರ್ಡ್‌ಗೆ ಶುಲ್ಕ ಇಲ್ಲದಿರುವುದೇ ದೊಡ್ಡ ಅನುಕೂಲ. ರಿವಾರ್ಡ್ ಪಾಯಿಂಟ್, ವಿಮಾನ ನಿಲ್ದಾಣದ ಲಾಂಜ್ ಎಲ್ಲ ಆಮೇಲಿನ ಮಾತು.

4. ಠೇವಣಿಗೆ ಯಾವ ಬಡ್ಡಿ? ಅವಧಿ ಮುಗಿದಾಗ ತಾನಾಗಿ ನವೀಕರಣವಾಗುತ್ತದೆಯೇ? ಕಾರ್ಡ್ ಮುಚ್ಚಿದ ಬಳಿಕ ಎಷ್ಟು ದಿನದಲ್ಲಿ ಎಫ್‌ಡಿ ಬಿಡುಗಡೆಯಾಗುತ್ತದೆ?

5. ವಿದೇಶದಲ್ಲಿ ಬಳಸಿದರೆ ಎಷ್ಟು ಶುಲ್ಕ? ಭಾರತದ ಹೆಚ್ಚಿನ ಕಾರ್ಡ್‌ಗಳಲ್ಲಿ ವಿದೇಶಿ ಕರೆನ್ಸಿ ಖರ್ಚಿಗೆ ಶೇ.2ರಿಂದ 3.5ರಷ್ಟು ಹೆಚ್ಚುವರಿ ಶುಲ್ಕ ಬೀಳುತ್ತದೆ. ಊರಿನ ಕಾರ್ಡನ್ನು ಊರಿನ ರೂಪಾಯಿ ಬಿಲ್‌ಗಳಿಗೆ ಇಟ್ಟುಕೊಳ್ಳುವುದೇ ಜಾಣತನ.

6. ಮುಂದೆ ಠೇವಣಿ ಇಲ್ಲದ ಕಾರ್ಡ್ ಆಗಿ ಬದಲಾಗುತ್ತದೆಯೇ? ಕೆಲವು ಬ್ಯಾಂಕುಗಳು ಉತ್ತಮ ಪಾವತಿ ದಾಖಲೆ ನೋಡಿ ಈ ಅವಕಾಶ ನೀಡುತ್ತವೆ. ಹೊಸ ಕಾರ್ಡ್ ತೆಗೆದುಕೊಳ್ಳದೆ ಹಳೆಯ ಖಾತೆಯೇ ಮುಂದುವರಿದರೆ ಇತಿಹಾಸದ ಉದ್ದವೂ ಉಳಿಯುತ್ತದೆ.

7. ದೇಶದ ಹೊರಗಿದ್ದು ಲಾಗಿನ್, ಓಟಿಪಿ, ವಿಳಾಸ ಬದಲಾವಣೆ ಮಾಡಬಹುದೇ? ಶಾಖೆಗೆ ಬಂದೇ ಆಗಬೇಕಾದ ಕೆಲಸಗಳು ಯಾವುವು ಎಂದು ಹೊರಡುವ ಮುನ್ನವೇ ತಿಳಿದುಕೊಳ್ಳಿ.

ಹೋದ ದೇಶದಲ್ಲಿ ಏನು ಮಾಡಬೇಕು?

ಅಮೆರಿಕ: ಇಲ್ಲಿ ಸೆಕ್ಯೂರ್ಡ್ ಕಾರ್ಡ್ ಬಹಳ ಪ್ರಚಲಿತ. 200 ಡಾಲರ್‌ನಷ್ಟು ಠೇವಣಿಗೂ ಹಲವು ಕಾರ್ಡ್‌ಗಳು ಸಿಗುತ್ತವೆ. ಹೆಚ್ಚು ಬಳಕೆಯಲ್ಲಿರುವ ಫೈಕೊ ಸ್ಕೋರ್ 300ರಿಂದ 850ರ ನಡುವೆ ಇರುತ್ತದೆ. ಈ ಸ್ಕೋರ್ ಮೂಡಬೇಕಾದರೆ ಕನಿಷ್ಠ ಒಂದು ಖಾತೆ ತೆರೆದು ಆರು ತಿಂಗಳಾಗಿರಬೇಕು. ಉದ್ಯೋಗ ವೀಸಾದವರಿಗೆ ಸೋಶಿಯಲ್ ಸೆಕ್ಯೂರಿಟಿ ಸಂಖ್ಯೆ ಸಿಗುತ್ತದೆ. ವಿದ್ಯಾರ್ಥಿಗಳಿಗೆ ಕ್ಯಾಂಪಸ್ ಕೆಲಸದಂತಹ ಅನುಮತಿ ಪಡೆದ ಉದ್ಯೋಗ ಸಿಕ್ಕ ಬಳಿಕವೇ ಅದು ಸಿಗುವುದರಿಂದ, ಆ ಸಂಖ್ಯೆ ಇಲ್ಲದೆ ಅರ್ಜಿ ಸ್ವೀಕರಿಸುವ ಬ್ಯಾಂಕ್ ಹುಡುಕಬೇಕಾಗುತ್ತದೆ. ಭಾರತದಲ್ಲಿ ಒಳ್ಳೆಯ ದಾಖಲೆ ಇದ್ದವರಿಗೆ ಇನ್ನೊಂದು ದಾರಿಯೂ ಇದೆ. ಅಮೆರಿಕನ್ ಎಕ್ಸ್‌ಪ್ರೆಸ್ 2019ರಲ್ಲಿ ನೋವಾ ಕ್ರೆಡಿಟ್ ಎಂಬ ಕಂಪನಿಯ ಜೊತೆ ಸೇರಿ, ಭಾರತ ಸೇರಿದಂತೆ ಕೆಲವು ದೇಶಗಳ ಕ್ರೆಡಿಟ್ ವರದಿ ನೋಡಿ ಹೊಸದಾಗಿ ಬಂದವರಿಗೆ ಕಾರ್ಡ್ ನೀಡುವ ವ್ಯವಸ್ಥೆ ಆರಂಭಿಸಿತು.

ಬ್ರಿಟನ್: ಇಲ್ಲಿ ಠೇವಣಿ ಕಾರ್ಡ್‌ಗಿಂತ ಕಡಿಮೆ ಮಿತಿಯ, ಹೆಚ್ಚು ಬಡ್ಡಿಯ 'ಕ್ರೆಡಿಟ್ ಬಿಲ್ಡರ್' ಕಾರ್ಡ್‌ಗಳೇ ಸಾಮಾನ್ಯ. ಹಲವರಿಗೆ ತಿಳಿಯದ ಒಂದು ಅನುಕೂಲವೂ ಇದೆ. ಕಾಮನ್‌ವೆಲ್ತ್ ದೇಶದವರಾದ ಭಾರತೀಯರು ಸಕ್ರಮ ವೀಸಾದೊಂದಿಗೆ ವಾಸವಿದ್ದರೆ ಅಲ್ಲಿನ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಬ್ಯೂರೋಗಳು ವಿಳಾಸ ಖಚಿತಪಡಿಸಿಕೊಳ್ಳಲು ಈ ಪಟ್ಟಿಯನ್ನು ಬಳಸುತ್ತವೆ.

ಯುಎಇ: ಅಲ್ ಇತಿಹಾದ್ ಕ್ರೆಡಿಟ್ ಬ್ಯೂರೋ ಇಲ್ಲಿನ ದಾಖಲೆ ನಿರ್ವಹಿಸುತ್ತದೆ. ಸ್ಕೋರ್ 300ರಿಂದ 900. ಸಂಬಳ ಕಡಿಮೆ ಇರುವವರಿಗೆ, ಹೊಸದಾಗಿ ಬಂದವರಿಗೆ ನಿಶ್ಚಿತ ಠೇವಣಿ ಮೇಲೆ ಕಾರ್ಡ್ ನೀಡುವ ಬ್ಯಾಂಕುಗಳಿವೆ. ಬಾಕಿ ಬಿಟ್ಟು ವಿಮಾನ ಹತ್ತಿದರೆ ಮುಗಿಯಿತು ಎಂಬ ಕಾಲ ಈಗಿಲ್ಲ. 2020ರ ಜನವರಿಯಲ್ಲಿ ಭಾರತ ಸರ್ಕಾರ ಹೊರಡಿಸಿದ ಅಧಿಸೂಚನೆಯ ಬಳಿಕ ಯುಎಇಯ ಸಿವಿಲ್ ನ್ಯಾಯಾಲಯದ ತೀರ್ಪನ್ನು ಭಾರತದ ನ್ಯಾಯಾಲಯದ ಮೂಲಕವೇ ಜಾರಿಗೊಳಿಸಲು ಅವಕಾಶವಿದೆ. ಕೆಲಸ ಬಿಟ್ಟು ಮರಳುವವರು ಕಾರ್ಡ್ ಮುಚ್ಚಿಸಿ ಬಾಕಿ ಇಲ್ಲವೆಂಬ ಪತ್ರ ಪಡೆದೇ ಬರಬೇಕು.

ಬಾಕಿ ಉಳಿಸಿಕೊಂಡರೆ ಎಷ್ಟು ನಷ್ಟ?

25 ಸಾವಿರ ರೂ. ಎಫ್‌ಡಿಗೆ ವರ್ಷಕ್ಕೆ ಶೇ.6.5 ಬಡ್ಡಿ ಎಂದುಕೊಂಡರೆ ಸಿಗುವುದು 1,625 ರೂ. ತಿಂಗಳಿಗೆ ಸುಮಾರು 135 ರೂ. ಅದೇ ಕಾರ್ಡ್‌ನಲ್ಲಿ 10 ಸಾವಿರ ರೂ. ಬಾಕಿ ಉಳಿಸಿದರೆ, ತಿಂಗಳಿಗೆ ಶೇ.3.5 ಬಡ್ಡಿಯಂತೆ 350 ರೂ., ಅದರ ಮೇಲೆ ಶೇ.18 ಜಿಎಸ್‌ಟಿ 63 ರೂ. ಒಟ್ಟು 413 ರೂ. ಅಂದರೆ ಒಂದು ತಿಂಗಳ ಬಾಕಿ ಮೂರು ತಿಂಗಳ ಠೇವಣಿ ಬಡ್ಡಿಯನ್ನು ನುಂಗುತ್ತದೆ. ಬಾಕಿ ಇರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. 'ಕನಿಷ್ಠ ಪಾವತಿ' ಕಟ್ಟಿದರೆ ವಿಳಂಬದ ದಾಖಲೆ ತಪ್ಪುತ್ತದೆಯೇ ಹೊರತು ಬಡ್ಡಿ ತಪ್ಪುವುದಿಲ್ಲ.

ಸ್ಕೋರ್ ದೃಷ್ಟಿಯಿಂದ ಮಿತಿಯ ಶೇ.30ರೊಳಗೆ ಬಳಸುವುದು ವಾಡಿಕೆಯ ಸಲಹೆ. 22,500 ರೂ. ಮಿತಿಗೆ ಇದು 6,750 ರೂ. ಆಗುತ್ತದೆ. ಅಂಧೇರಿಯ ಮನೆಯ ವಿದ್ಯುತ್ ಬಿಲ್, ಇಂಟರ್ನೆಟ್ ಬಿಲ್‌ಗಳನ್ನು ಈ ಕಾರ್ಡ್‌ನಲ್ಲಿ ಕಟ್ಟಿ, ಕಾರ್ಡ್ ಬಿಲ್ ಎನ್‌ಆರ್‌ಒ ಖಾತೆಯಿಂದ ಪೂರ್ತಿಯಾಗಿ ತಾನಾಗಿ ಪಾವತಿಯಾಗುವಂತೆ ಮಾಡಿದರೆ ತಂದೆ ತಾಯಿಗೂ ಅನುಕೂಲ, ದಾಖಲೆಯೂ ಬೆಳೆಯುತ್ತದೆ.

ದೂರದಲ್ಲಿದ್ದಾಗ ಆಗುವ 4 ತಪ್ಪುಗಳು

* ಮರೆತ ಶುಲ್ಕ: 500 ರೂ. ವಾರ್ಷಿಕ ಶುಲ್ಕಕ್ಕೆ ಜಿಎಸ್‌ಟಿ ಸೇರಿ 590 ರೂ. ಕಾರ್ಡ್ ಬಳಸುತ್ತಿಲ್ಲ ಎಂದು ಬಿಲ್ ನೋಡದೆ ಬಿಟ್ಟರೆ ಇದೇ ಸಣ್ಣ ಮೊತ್ತ ದಂಡ, ಬಡ್ಡಿ ಸೇರಿ ಬೆಳೆದು ವಿಳಂಬ ಪಾವತಿಯಾಗಿ ವರದಿಗೆ ಸೇರುತ್ತದೆ. ಪಕ್ಕದಲ್ಲೇ 25 ಸಾವಿರ ಠೇವಣಿ ಇದ್ದರೂ ಆ ಕಪ್ಪುಚುಕ್ಕೆ ತಪ್ಪುವುದಿಲ್ಲ.
* ಸತ್ತ ಸಿಮ್: 90 ದಿನ ಬಳಸದ, ಬ್ಯಾಲೆನ್ಸ್ ಇಲ್ಲದ ಪ್ರಿಪೇಯ್ಡ್ ಸಂಖ್ಯೆ ಸ್ಥಗಿತವಾಗಬಹುದು. ಸಂಖ್ಯೆ ಹೋದರೆ ಓಟಿಪಿಯೂ ಇಲ್ಲ, ಬಿಲ್ ಎಚ್ಚರಿಕೆಯೂ ಇಲ್ಲ. ರೀಚಾರ್ಜ್ ಜವಾಬ್ದಾರಿಯನ್ನು ಮನೆಯಲ್ಲಿ ಒಬ್ಬರಿಗೆ ವಹಿಸಿ, ಇಲ್ಲವೇ ಬ್ಯಾಂಕಿನಲ್ಲಿ ವಿದೇಶಿ ಸಂಖ್ಯೆ ಮತ್ತು ಇಮೇಲ್ ನೋಂದಾಯಿಸಿ.
* ಪೂರ್ತಿ ಬಳಸದೇ ಬಿಡುವುದು: ಒಂದು ವರ್ಷಕ್ಕೂ ಹೆಚ್ಚು ಕಾಲ ಬಳಸದ ಕಾರ್ಡನ್ನು ಗ್ರಾಹಕರಿಗೆ ತಿಳಿಸಿ ಮುಚ್ಚುವ ಪ್ರಕ್ರಿಯೆ ಆರಂಭಿಸಬಹುದು ಎಂದು ಆರ್‌ಬಿಐನ 2022ರ ಏಪ್ರಿಲ್ 21ರ ಕಾರ್ಡ್ ನಿರ್ದೇಶನ ಹೇಳುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಕಾರ್ಡ್ ಮುಚ್ಚುತ್ತದೆ. ಹಳೆಯ ವಿಳಾಸಕ್ಕೆ, ಸತ್ತ ಸಂಖ್ಯೆಗೆ ಸಂದೇಶ ಹೋದರೆ ನಿಮಗೆ ತಿಳಿಯುವುದೇ ಇಲ್ಲ.
* ಮಧ್ಯವರ್ತಿಗಳ ಮಾತು: ಹಣ ಕೊಟ್ಟರೆ ಸಿಬಿಲ್ ಸರಿಪಡಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಸರಿಯಾದ ದಾಖಲೆಯನ್ನು ಯಾರೂ ಅಳಿಸಲಾರರು. ತಪ್ಪು ದಾಖಲೆಯಿದ್ದರೆ ನೀವೇ ಉಚಿತವಾಗಿ ದೂರು ಸಲ್ಲಿಸಬಹುದು.

ನಿಯಮಗಳು ನಿಮ್ಮ ಪರವಾಗಿ ಏನು ಹೇಳುತ್ತವೆ?

ಬಿಲ್‌ನ ಕೊನೆಯ ದಿನಾಂಕ ದಾಟಿ ಮೂರು ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಮಾತ್ರ ಬ್ಯಾಂಕ್ ಅದನ್ನು ವಿಳಂಬವೆಂದು ವರದಿ ಮಾಡಿ ದಂಡ ವಿಧಿಸಬಹುದು. ಬಾಕಿ ಇಲ್ಲದ ಕಾರ್ಡ್ ಮುಚ್ಚಲು ಮನವಿ ಕೊಟ್ಟರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂ.ನಂತೆ ಗ್ರಾಹಕರಿಗೆ ಕೊಡಬೇಕು.

ನಾಲ್ಕೂ ಕ್ರೆಡಿಟ್ ಕಂಪನಿಗಳಿಂದ ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತವಾಗಿ ಪಡೆಯಬಹುದು. ತಪ್ಪಿನ ಬಗ್ಗೆ ದೂರು ಕೊಟ್ಟು 30 ದಿನದಲ್ಲಿ ಪರಿಹಾರವಾಗದಿದ್ದರೆ ದಿನಕ್ಕೆ 100 ರೂ. ಪರಿಹಾರಕ್ಕೆ ಅವಕಾಶವಿದೆ. ಆಗಲೂ ಕೆಲಸವಾಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಸಲ್ಲಿಸಬಹುದು, ಇದಕ್ಕೆ ಭಾರತಕ್ಕೆ ಬರಬೇಕಿಲ್ಲ. ಮಾಹಿತಿಗೆ ಆರ್‌ಬಿಐ ಸಹಾಯವಾಣಿ 14448.

ಹೊರಡುವ ಮುನ್ನ ಇಷ್ಟು ಮಾಡಿ

ವಿಮಾನದ ಟಿಕೆಟ್ ಕೈಗೆ ಬಂದ ಮೇಲೆ ಒಂದು ದಿನ ಬ್ಯಾಂಕಿಗೆ ಮೀಸಲಿಡಿ. ನಿಮ್ಮ ಕ್ರೆಡಿಟ್ ವರದಿ ತೆಗೆದು ಹೆಸರು, ಪಾನ್, ಹುಟ್ಟಿದ ದಿನಾಂಕ ಸರಿಯಿದೆಯೇ ನೋಡಿ. ವಾರ್ಷಿಕ ಶುಲ್ಕವಿಲ್ಲದ, ಅನಿವಾಸಿಯಾದ ಮೇಲೂ ಮುಂದುವರಿಯುವ ಒಂದೇ ಒಂದು ಕಾರ್ಡ್ ಇಟ್ಟುಕೊಳ್ಳಿ. ಪೂರ್ಣ ಮೊತ್ತದ ಸ್ವಯಂ ಪಾವತಿ ಹೊಂದಿಸಿ, ಅದಕ್ಕೆ ಹಣ ಬರುವ ಖಾತೆಯಲ್ಲಿ ಮೂರು ತಿಂಗಳ ಬಿಲ್‌ಗೆ ಸಾಲುವಷ್ಟು ಮೊತ್ತ ಬಿಡಿ. ಅಲ್ಲಿಗೆ ತಲುಪಿದ ಬಳಿಕ ಆ ದೇಶದ ಮೊದಲ ಕಾರ್ಡ್‌ಗೆ ಅರ್ಜಿ ಹಾಕಿ. ಒಂದೇ ವಾರದಲ್ಲಿ ನಾಲ್ಕೈದು ಕಡೆ ಅರ್ಜಿ ಹಾಕಿದರೆ ಪ್ರತಿ ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ ಎಂಬುದು ನೆನಪಿರಲಿ.

ತಿಂಗಳಿಗೊಂದು ಸಣ್ಣ ಬಿಲ್, ಅದಕ್ಕೆ ಸಮಯಕ್ಕೆ ಸರಿಯಾಗಿ ಪೂರ್ತಿ ಪಾವತಿ. ಸೆಕ್ಯೂರ್ಡ್ ಕಾರ್ಡ್ ಕೇಳುವುದು ಇಷ್ಟೇ. ನಾಲ್ಕು ವರ್ಷದ ಬಳಿಕ ಅಪ್ಪ ಅಮ್ಮ ಮನೆ ಸಾಲದ ಅರ್ಜಿ ಮುಂದಿಟ್ಟುಕೊಂಡು ಕೂತಾಗ ಮಗಳ ಹೆಸರಿನ ಮುಂದೆ ಬೇಕಿರುವುದೂ ಅದೇ ದಾಖಲೆ.